ಹಚ್ಚೆ ಕೇಳುವ ಹೊತ್ತು

ಆ ಊರಿಗೆ ದಿಕ್ಕಿಗೊಂದರಂತೆ ನಾಲ್ಕು ಬಾಗಿಲು. ಹೊರಗಿನವರು ಯಾವ ಬಾಗಿಲಿಂದ ಬಂದರೂ ಒಳಗೆ ಕಾಲಿಡುವ ಮೊದಲು ಬಲಗೈ ಚಾಚಬೇಕು. ಬಾಗಿಲಲ್ಲಿ ಕೂತ ಹೆಂಗಸು ಆ ಅಂಗೈಗೆ ಗೋರಂಟಿ ಮೆತ್ತುತ್ತಾಳೆ. ಮೆತ್ತುತ್ತ ಎರಡು ಮಾತು ಕೇಳುತ್ತಾಳೆ.

"ಯಾಕೆ ಬಂದೆ?"

"ಕೆಲಸಕ್ಕೆ ಬಂದೆ."

"ಯಾವಾಗ ಹೋಗ್ತೀಯ?"

"ಬಣ್ಣ ಹೋದಾಗ ಹೋಗ್ತೀನಿ."

ಇಷ್ಟು ಹೇಳಿದವರಿಗೆ ಬಾಗಿಲು ತೆರೆಯುತ್ತದೆ. ಅಂಗೈಯ ಕೆಂಪು ಉಳಿದಿರುವಷ್ಟು ಕಾಲ ಊರಿನಲ್ಲಿ ಇರಬಹುದು, ದುಡಿಯಬಹುದು, ಬಾಡಿಗೆಗೆ ಮನೆ ಹಿಡಿಯಬಹುದು. ಕೆಂಪು ಮಾಸಿ ಅಂಗೈ ಬರಿದಾದ ದಿನ, ಬಂದ ಬಾಗಿಲಿಂದಲೇ ಹೊರಡಬೇಕು. ಆ ಊರಿನ ಗೋರಂಟಿ ನಮ್ಮ ಹಿತ್ತಿಲ ಗೋರಂಟಿಯಂತೆ ವಾರಕ್ಕೆ ಮಾಸುವುದಿಲ್ಲ. ಮಳೆಗಾಲ ದಾಟುತ್ತದೆ, ಬೇಸಿಗೆ ದಾಟುತ್ತದೆ. ಒಬ್ಬರ ಕೈಯಲ್ಲಿ ಹೆಚ್ಚು ಕಾಲ ನಿಂತರೆ ಇನ್ನೊಬ್ಬರ ಕೈಯಲ್ಲಿ ಬೇಗ ಹೋಗುತ್ತದೆ. ಯಾಕೆ ಹಾಗೆ ಎಂದು ಕೇಳಿದವರಿಗೆ ಊರಿನವರು, "ಅದು ಅವರವರ ಕೈ," ಎನ್ನುತ್ತಾರೆ.

ಒಂದು ದಿನ ಮೂಡಣ ಬಾಗಿಲಿಗೆ ಒಬ್ಬಳು ಗಂಟೆ ಎರಕ ಹೊಯ್ಯುವವಳು ಬಂದಳು. ಊರಿಗೊಂದು ದೊಡ್ಡ ಗಂಟೆ ಬೇಕಾಗಿತ್ತು. ಎರಕದ ಸಾಲೆಯ ಯಜಮಾನ ಅವಳನ್ನು ಹೇಳಿ ಕಳಿಸಿ ಕರೆಸಿದ್ದ. ಜೊತೆಗೆ ಅವಳ ಗಂಡ ಬಂದಿದ್ದ. ಅವನು ಬಿದಿರು ಬುಟ್ಟಿ ಹೆಣೆಯುವವನು. ಅವಳ ಅಂಗೈ ತುಂಬ ಗೋರಂಟಿ ಮೆತ್ತಿದ ಬಾಗಿಲ ಹೆಂಗಸು, ಅವನ ಕೈಗೆ ಬಂದಾಗ ಕಿರುಬೆರಳ ತುದಿಗೆ ಮಾತ್ರ ಒಂದು ಚುಕ್ಕೆ ಇಟ್ಟಳು.

"ನೀನು ಜೊತೆಗೆ ಬಂದವನು. ಇವಳ ಕೆಂಪು ಇರೋತನಕ ನೀನೂ ಇರಬಹುದು. ಕೆಲಸ ಮಾಡೋ ಹಾಗಿಲ್ಲ."

"ಮನೆ ಮಟ್ಟಿಗೆ ಒಂದು ಬುಟ್ಟಿ ಹೆಣಕೊಂಡರೆ?"

"ಬುಟ್ಟಿ ಹೆಣೆಯೋದು ಕೆಲಸ ಅಲ್ವಾ?" ಎಂದಳು ಅವಳು, ನಗದೆ.

ಆ ಊರಲ್ಲಿ ಹೊರಗಿನವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೆಲಸವೇ ಹೆಸರು. ಹೀಗಾಗಿ ಅವಳು ಎರಕದವಳಾದಳು. ಕೆಲಸವಿಲ್ಲದ ಅವನು ಎರಕದವಳ ಜೊತೆಯವನಾದ.

ಊರು ಚೆಂದವಿತ್ತು. ಬೀದಿಗಳು ಅಗಲ, ನೀರು ಸಿಹಿ, ಮಾತು ಮೆತ್ತಗೆ. ಆದರೆ ಅಲ್ಲಿ ಎಲ್ಲರೂ ಎಲ್ಲರ ಅಂಗೈ ನೋಡುತ್ತಿದ್ದರು. ಅಂಗಡಿಯವನು ಬೆಲ್ಲದ ಪೊಟ್ಟಣವನ್ನು ಹಲಗೆಯ ಮೇಲೆ ಇಡುವುದಿಲ್ಲ. ಕೈಗೇ ಕೊಡುತ್ತಾನೆ, ಕೈ ಬಿಚ್ಚುವ ತನಕ ಕಾಯುತ್ತಾನೆ. ನಮಸ್ಕಾರಕ್ಕೆ ಜೋಡಿಸಿದ ಕೈ ಬಿಡಿಸುವಾಗ ಎದುರಿನವರ ಕಣ್ಣು ಕೆಳಗಿಳಿಯುತ್ತದೆ. ಎರಕದವಳು ಬರಬರುತ್ತ ಮುಷ್ಟಿ ಕಟ್ಟಿಕೊಂಡು ನಡೆಯುವುದನ್ನು ಕಲಿತಳು. ಕಲಿತ ಮೇಲೆ, ಮುಷ್ಟಿ ಕಟ್ಟಿಕೊಂಡು ನಡೆಯುವವರು ಬೀದಿಯಲ್ಲಿ ಎಷ್ಟೊಂದು ಜನ ಎಂಬುದು ಅವಳಿಗೆ ಕಾಣತೊಡಗಿತು.

ಊರಿನ ನಡುವೆ ಹಚ್ಚೆ ಮಂಟಪ. ಅಲ್ಲಿ ಹಚ್ಚೆಯಜ್ಜಿ ಕೂರುತ್ತಾಳೆ. ಉಳಿಯಬೇಕೆನ್ನುವ ಹೊರಗಿನವರು ಅವಳ ಮುಂದೆ ಹೋಗಿ ಕೇಳಬೇಕು. ಅವಳು ಒಪ್ಪಿದರೆ ಮುಂಗೈಗೆ ಹಸಿರು ಹಚ್ಚೆ ಚುಚ್ಚುತ್ತಾಳೆ. ಗೋರಂಟಿ ಮಾಸುತ್ತದೆ, ಹಚ್ಚೆ ಮಾಸುವುದಿಲ್ಲ. ಹಚ್ಚೆ ಇರುವವರು ಯಾವ ಸಾಲೆಯಲ್ಲಾದರೂ ದುಡಿಯಬಹುದು, ಯಾವ ಬಾಗಿಲಿಂದಾದರೂ ಹೋಗಿ ಬರಬಹುದು, ಅವರ ಜೊತೆಗೆ ಬಂದವರೂ ಕೈಯಾಡಿಸಿ ಬದುಕಬಹುದು.

ಆದರೆ ಕೇಳುವುದಕ್ಕೆ ಒಂದು ಹೊತ್ತು ಇತ್ತು. ಕೆಂಪು ಗಾಢವಾಗಿರುವಾಗಲೇ ಹೋಗಿ ಕೇಳಿದರೆ, "ಹೋಗ್ತೀನಿ ಅಂತ ಬಾಗಿಲಲ್ಲಿ ಹೇಳಿದೆ, ಉಳಿಯೋ ಮನಸ್ಸು ಬರುವಾಗಲೇ ಇತ್ತು, ಸುಳ್ಳು ಹೇಳಿದೆ," ಎಂದು ಹೊರಗೆ ಕಳಿಸುತ್ತಾರೆ. ಸುಳ್ಳು ಹೇಳಿದ ಕೈಗೆ ಮತ್ತೆ ಗೋರಂಟಿ ಇಲ್ಲ. ಪೂರ್ತಿ ಮಾಸಿದ ಮೇಲೆ ಹೋದರೆ, ಹೊತ್ತು ಮೀರಿತು ಎಂದು ಹೊರಗೆ ಕಳಿಸುತ್ತಾರೆ. ಎರಡರ ನಡುವೆ ಒಂದು ಬಣ್ಣವಿದೆ. ಆ ಬಣ್ಣ ಯಾವುದೆಂದು ಊರಿನವರು ಹೇಳುವುದಿಲ್ಲ. ಹೊರಗಿನವರು ಮಾತ್ರ ಬಾವಿಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಪಿಸುಗುಟ್ಟಿಕೊಳ್ಳುತ್ತಿದ್ದರು. ಒಬ್ಬರು ಇಟ್ಟಿಗೆಯ ಬಣ್ಣ ಎನ್ನುವರು. ಒಬ್ಬರು ಹಳೆ ಬೆಲ್ಲದ ಬಣ್ಣ ಎನ್ನುವರು. ಇಟ್ಟಿಗೆಯ ಬಣ್ಣದಲ್ಲಿ ಹೋಗಿ ಹೊರಬಿದ್ದವರ ಕತೆಯೂ ಇತ್ತು, ಬೆಲ್ಲದ ಬಣ್ಣದಲ್ಲಿ ಹೋಗಿ ಹೊರಬಿದ್ದವರ ಕತೆಯೂ ಇತ್ತು.

ಇನ್ನೊಂದು ಕಟ್ಟುಪಾಡು ಇತ್ತು. ಹಚ್ಚೆ ಕೇಳಲು ಒಬ್ಬರೇ ಹೋಗುವಂತಿಲ್ಲ. ಕೆಲಸ ಕೊಟ್ಟ ಯಜಮಾನ ಜೊತೆಗೆ ನಡೆದು ಬಂದು, "ಇವಳು ನನಗೆ ಬೇಕು," ಎನ್ನಬೇಕು.

ಮೊದಲ ವರ್ಷ ಕಳೆದ ಮೇಲೆ ಎರಕದವಳು ಯಜಮಾನನ ಮುಂದೆ ಕೈ ಬಿಚ್ಚಿದಳು.

"ಇನ್ನೂ ಕೆಂಪಿದೆಯಮ್ಮ," ಎಂದ ಯಜಮಾನ. "ಆತುರ ಬೇಡ. ಗಂಟೆ ಮೊದಲು ಆಗಲಿ."

ಅವನು ದನಿಯೆತ್ತಿ ಮಾತಾಡುವವನಲ್ಲ. ಕುಲುಮೆಯ ಬಳಿ ಅವಳ ಅಂಗೈ ಸುಟ್ಟಾಗ ತನ್ನ ಮನೆಯಿಂದಲೇ ಒಂದು ಕುಡಿಕೆ ಎಣ್ಣೆ ತರಿಸಿಕೊಟ್ಟ. ದಿನಾ ಹಚ್ಚಿಕೋ ಎಂದ. ಅವಳು ಹಚ್ಚಿಕೊಂಡಳು. ಉರಿ ಹೋಯಿತು. ಆದರೆ ಅವಳ ಮನಸ್ಸಿನಲ್ಲಿ ಒಂದು ಮಾತು ಉಳಿಯಿತು: ಹಚ್ಚೆಯಾದವರು ಯಾವ ಸಾಲೆಗಾದರೂ ಹೋಗಬಹುದು. ಹಾಗಾದರೆ ನನಗೆ ಹಚ್ಚೆಯಾಗಲಿ ಅಂತ ಇವರು ಯಾಕೆ ಬಯಸುತ್ತಾರೆ?

ಸಾಲೆಯಲ್ಲಿ ಗಂಟೆಗಳಿಗೆ ಮೆರುಗು ಕೊಡುವ ಒಬ್ಬಳಿದ್ದಳು. ನಡುವಯಸ್ಸು ದಾಟಿದವಳು, ತೆಂಕಣ ಬಾಗಿಲಿಂದ ಬಂದವಳು. ಅವಳ ಅಂಗೈ ಬರಿದಾಗಿತ್ತು. ಆದರೂ ಊರಲ್ಲೇ ಇದ್ದಳು. ಯಾಕೆಂದರೆ ಅವಳು ಎಂದೋ ಹಚ್ಚೆ ಕೇಳಿದ್ದಳು. ಅಜ್ಜಿ "ಕಾಯಿ, ಕರೀತೀನಿ" ಎಂದಿದ್ದಳು. ಕೇಳಿ ಕಾಯುತ್ತಿರುವವರನ್ನು ಊರು ಹೊರಗೆ ಹಾಕುವುದಿಲ್ಲ. ಆದರೆ ಕಾಯುವವರು ಬಾಗಿಲು ದಾಟಿದರೆ ಕೇಳಿದ್ದು ಬಿದ್ದುಹೋಗುತ್ತದೆ. ಮೆರುಗಿನವಳು ಅಂದಿನಿಂದ ಇಂದಿನವರೆಗೆ ಬಾಗಿಲು ದಾಟಿರಲಿಲ್ಲ.

"ನಾಳೆಯೇ ಹೋಗಿ ಕೇಳು," ಎಂದಳು ಅವಳು, ಗಂಟೆಯ ಅಂಚನ್ನು ಹುಣಸೆಹಣ್ಣಿನಿಂದ ತಿಕ್ಕುತ್ತ. "ಅಜ್ಜಿ ಒಂದೊಂದು ಬಾಗಿಲಿನವರನ್ನ ಒಂದೊಂದು ಸಾಲು ಮಾಡಿ, ಎಲ್ಲಾ ಸಾಲಿಂದಲೂ ಒಂದೇ ಅಳತೆಯಲ್ಲಿ ಕರೀತಾಳೆ. ತೆಂಕಣದಿಂದ ಬರೋವರು ಜಾಸ್ತಿ, ನಮ್ಮ ಸಾಲು ಮುಂದಕ್ಕೇ ಹೋಗಲ್ಲ. ನಿಮ್ಮ ಬಾಗಿಲಲ್ಲಿ ಬರೋವರೇ ಕಮ್ಮಿ. ನೀನು ಕೇಳಿದ್ರೆ ಬೇಗ ಕರೀತಾರೆ."

"ಇನ್ನೂ ಕೆಂಪಿದೆ ಅಂತಾರಲ್ಲ ಯಜಮಾನರು."

"ಅವರು ಅಂತಾರೆ," ಎಂದಳು ಮೆರುಗಿನವಳು.

ಇವಳಿಗೇನು ನನ್ನ ಮೇಲೆ ಇಷ್ಟು ಅಕ್ಕರೆ ಎಂದು ಎರಕದವಳು ಯೋಚಿಸಿದಳು. ಬೇಗ ಹೋಗಿ ಸಿಕ್ಕಿಬಿದ್ದು ಹೊರಗೆ ಹೋಗಲಿ ಅಂತಲೋ? ಬಾವಿಕಟ್ಟೆಯಲ್ಲಿ ಕೇಳಿದ ಕತೆಗಳಲ್ಲಿ ಅಂಥದೂ ಒಂದಿತ್ತು.

ಮನೆಯಲ್ಲಿ ಗಂಡ ಕಿಟಕಿಯ ಬಳಿ ಕೂತಿರುತ್ತಿದ್ದ. ಎದುರುಮನೆಯ ಹೆಂಗಸು ತನ್ನ ಕಿಟಕಿಯಲ್ಲಿ ಕೂತು ಅವನ ಬೆರಳು ನೋಡುತ್ತಿದ್ದಳು, ಆಡುತ್ತವೆಯೋ ಎಂದು. ಅವನು ಕೈಯನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡಿರುತ್ತಿದ್ದ. ಸಂಜೆ ಹೆಂಡತಿ ಬಂದೊಡನೆ ಎದ್ದು ತಂಬಿಗೆಯಿಂದ ಅವಳ ಕೈಗೆ ನೀರು ಹೊಯ್ಯುತ್ತಿದ್ದ. ತಾನೇ ಕೈ ಹಿಡಿದು, ಮಸಿ ಹೋಗುವ ತನಕ ತೊಳೆಯುತ್ತಿದ್ದ. ಊರಿನ ದಿನದಲ್ಲಿ ಅವಳಿಗೆ ಹಿತವಾದ ಹೊತ್ತೆಂದರೆ ಅದೊಂದೇ.

"ಇವತ್ತು ಕೇಳಿದೆಯಾ?" ಎನ್ನುತ್ತಿದ್ದ.

"ಇನ್ನೂ ಕೆಂಪಿದೆ."

ಅವನು ಮತ್ತೆ ನೀರು ಹೊಯ್ಯುತ್ತಿದ್ದ.

ಎರಡನೆಯ ಮಳೆಗಾಲದಲ್ಲಿ, ಊರೂರು ತಿರುಗಿ ಉಪ್ಪು ಮಾರುವವನೊಬ್ಬ ಅವಳ ಊರಿನ ಸುದ್ದಿ ತಂದ. ಅವಳ ತಂಗಿ ಬಸುರಿ. ತಂಗಿಯನ್ನು ಹೆತ್ತು ತಾಯಿ ತೀರಿಕೊಂಡಿದ್ದಳು. ಎತ್ತಿ ಆಡಿಸಿ ಬೆಳೆಸಿದ್ದು ಇವಳೇ. ಮದುವೆ ಮಾಡಿ ಕಳಿಸುವಾಗ, "ಮೊದಲ ಹೆರಿಗೆಗೆ ಎಲ್ಲಿದ್ದರೂ ಬರ್ತೀನಿ," ಎಂದು ಮಾತು ಕೊಟ್ಟಿದ್ದಳು.

ಈಗ ಹೋಗಿಬಂದರೆ ಬಾಗಿಲ ಹೆಂಗಸು ಹೊಸದಾಗಿ ಗೋರಂಟಿ ಮೆತ್ತುತ್ತಾಳೆ. ಕೈ ಮತ್ತೆ ಗಾಢ ಕೆಂಪಾಗುತ್ತದೆ, ಕಳೆದ ಕಾಲವೆಲ್ಲ ಅಳಿಸಿಹೋಗುತ್ತದೆ. ಕೇಳಿದ ಮೇಲೆ ಹೋದರೆ ಕೇಳಿದ್ದೇ ಬಿದ್ದುಹೋಗುತ್ತದೆ. ಅವಳು ಬೆರಳು ಮಡಚಿ ತಿಂಗಳು ಎಣಿಸಿದಳು. ಬೇಗ ಕೇಳಿ, ಬೇಗ ಕರೆ ಬಂದರೆ, ಹಚ್ಚೆಯ ಕೈಯಲ್ಲಿ ತಂಗಿಯ ಬಳಿಗೆ ಹೋಗಬಹುದು. ಎಲ್ಲವೂ ಆ ಒಂದು ಬಣ್ಣದ ಮೇಲೆ ನಿಂತಿತ್ತು.

ಆಗಲೇ ಅವಳು ಅಂಗೈಯನ್ನು ಬಿಸಿಲಿಗೆ ಹಿಡಿದು ಸರಿಯಾಗಿ ನೋಡಿದ್ದು. ನಡುವಲ್ಲಿ ಕೆಂಪು ಹೊಸದರಂತೆ ಗಾಢ. ಅಂಚಿನಲ್ಲಿ, ಬೆರಳುಗಳಲ್ಲಿ ಬಿಳಿಚಿಕೊಂಡ ಹಳದಿ. ಬಣ್ಣ ತಾನಾಗಿ ಮಾಸಿದರೆ ಹೀಗಾಗುವುದಿಲ್ಲ.

ಮೆರುಗಿನವಳು ಅವಳ ಕೈ ಹಿಡಿದು ಮೂಸಿದಳು. "ಲವಂಗದ ವಾಸನೆ."

"ಯಜಮಾನರ ಮನೆ ಎಣ್ಣೆ. ಸುಟ್ಟಗಾಯಕ್ಕೆ ಅಂತ."

"ಗಾಯ ವಾಸಿಯಾಗಿ ಎಷ್ಟು ಕಾಲ ಆಯ್ತು? ಮದುವೆಮನೆಯಲ್ಲಿ ಗೋರಂಟಿ ಬಣ್ಣ ಏರಲಿ ಅಂತ ಲವಂಗ ಹಚ್ಚೋದು ನೋಡಿಲ್ವಾ ನೀನು?"

ಎರಕದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಯಜಮಾನನ ಮೇಲೆ ಬಂದ ಅನುಮಾನ ಒಂದು ಕಡೆ, ಅದನ್ನು ಹೇಳಿದವಳ ಮೇಲೆ ಬಂದ ಅನುಮಾನ ಇನ್ನೊಂದು ಕಡೆ. ನಡುವೆ ಮತ್ತೊಂದು ಪ್ರಶ್ನೆ ಎದ್ದಿತು. ಕೆಂಪು ಏರಿಸಿದ್ದು ಲವಂಗ ಎಂದಾದರೆ, ಇಳಿಸಿದ್ದು ಯಾರು?

ಮರುದಿನ ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಮನೆಗೆ ಬಂದಳು. ಗಂಡ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಪಾತ್ರೆಯಲ್ಲಿ ಏನನ್ನೋ ಕಿವುಚುತ್ತಿದ್ದ. ನೊರೆ ಎದ್ದಿತ್ತು. ಪಕ್ಕದಲ್ಲಿ ಕಲ್ಲುಪ್ಪು.

"ಏನದು?"

ಅವನು ತಿರುಗಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಅಂಟುವಾಳದ ನೀರು. ನಿನ್ನ ತಂಬಿಗೆಗೆ."

"ಎಷ್ಟು ದಿನದಿಂದ?"

"ಈ ಸಲದ ಮಳೆ ಶುರುವಾದಾಗಿಂದ."

ಅವಳಿಗೆ ಮೊದಲು ನೆನಪಾದದ್ದು ಸಂಜೆಗಳು. ಅವನು ಕೈ ಹಿಡಿದು ತೊಳೆಯುತ್ತಿದ್ದ ಆ ಎಲ್ಲ ಸಂಜೆಗಳು. ಅವಳು ಹೊಸಿಲ ಮೇಲೆ ಕೂತಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ದಿನಾ ಕೇಳ್ತಿದ್ದೆ. ಇನ್ನೂ ಕೆಂಪಿದೆ ಅಂತಿದ್ದೆ ನೀನು. ಕೆಂಪು ಹೋದ್ರೆ ಕೇಳ್ತೀಯಲ್ಲ ಅನ್ನಿಸ್ತು."

"ಪೂರ್ತಿ ಹೋಗಿಬಿಟ್ಟಿದ್ದರೆ?"

"ಅದೂ ಅನ್ನಿಸ್ತು. ಹೋದ್ರೆ ಹೋಗಲಿ, ಇಬ್ಬರೂ ಹೊರಗೆ ಹೋಗೋಣ ಅಂತಲೂ ಅನ್ನಿಸ್ತು." ಅವನು ಎರಡೂ ಕೈ ಅವಳ ಮುಂದೆ ಹಿಡಿದ. ಬಿದಿರಿನ ಸೀಳು ಗೀರಿ ಗೀರಿ ದಡ್ಡುಗಟ್ಟಿದ್ದ ಬೆರಳುಗಳು ಈಗ ಮಗುವಿನದರಂತೆ ಮೆತ್ತಗಾಗಿದ್ದವು. "ಮೊನ್ನೆ ಬಾಗಿಲು ಹಾಕ್ಕೊಂಡು ಒಂದು ತೆಂಗಿನ ಗರಿ ತಗೊಂಡು ಹೆಣೆಯೋಕೆ ನೋಡಿದೆ. ಎರಡನೇ ಸುತ್ತಿಗೆ ಬೆರಳು ನಿಂತುಹೋಯ್ತು. ಯಾವ ಎಳೆ ಮೇಲೆ ಬರಬೇಕು, ಯಾವುದು ಕೆಳಗೆ, ಮರೆತುಹೋಗಿತ್ತು."

ಅವಳಿಗೆ ಸಿಟ್ಟು ಬಂದಿತ್ತು. ಅವನ ಬೆರಳು ನೋಡಿ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಗೇ ಇತ್ತು. ಆಮೇಲೆ ಎದ್ದು ಪಾತ್ರೆಯ ನೀರನ್ನು ಹಿತ್ತಿಲಿಗೆ ಚೆಲ್ಲಿದಳು. ಎಣ್ಣೆಯ ಕುಡಿಕೆಯನ್ನೂ ತಂದು ಅಲ್ಲೇ ಮಗುಚಿದಳು.

ಆ ವಾರ ದೊಡ್ಡ ಗಂಟೆಯ ಅಚ್ಚು ಸಿದ್ಧವಾಗಿತ್ತು. ಕುಲುಮೆಯಲ್ಲಿ ಕಂಚು ಕರಗುತ್ತಿತ್ತು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ಯುವ ಹೊತ್ತು ಅವಳಿಗೆ ಮಾತ್ರ ಗೊತ್ತು. ಅದಕ್ಕೆಂದೇ ಅವಳನ್ನು ಕರೆಸಿದ್ದು. ಅವಳು ಕುಲುಮೆಯ ಮುಂದೆ ಕೈಕಟ್ಟಿ ನಿಂತಳು.

"ಬೆಂಕಿ ತಗ್ಗಿಸೋಕೆ ಹೇಳಿ," ಎಂದಳು ಯಜಮಾನನಿಗೆ. "ಮೊದಲು ಮಂಟಪಕ್ಕೆ ಹೋಗಿಬರೋಣ. ಆಮೇಲೆ ಎರಕ."

ಯಜಮಾನ ಅವಳ ಮುಖ ನೋಡಿದ. "ನನ್ನ ಮೇಲೆ ನಂಬಿಕೆ ಇಲ್ವೇನಮ್ಮ?"

"ನೀವು ಕೊಟ್ಟ ಎಣ್ಣೆಯಲ್ಲಿ ಲವಂಗ ಇತ್ತು."

"ಸುಟ್ಟಗಾಯಕ್ಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅದನ್ನೇ ಹಚ್ಚೋದು. ನನ್ನ ಮಕ್ಕಳಿಗೂ."

ಅದು ನಿಜವಿರಬಹುದಿತ್ತು. ಅವನ ಮುಖದಲ್ಲಿ ಸುಳ್ಳಿನ ಗುರುತು ಅವಳಿಗೆ ಕಾಣಲಿಲ್ಲ. ನಿಜದ ಗುರುತೂ ಕಾಣಲಿಲ್ಲ. ಆ ಊರಿಗೆ ಬಂದ ಮೇಲೆ ಅವಳು ಕಳೆದುಕೊಂಡದ್ದು ಆ ಕಣ್ಣನ್ನೇ.

"ಇರಬಹುದು," ಎಂದಳು. "ಆದರೂ ಹೋಗಿಬರೋಣ."

ಇಬ್ಬರೂ ನಡೆದರು. ಗಂಡ ಹಿಂದೆ ನಡೆದ. ಬೀದಿಯ ಎರಡೂ ಕಡೆ ಜನ ನಿಂತು ಅವಳ ಕೈ ನೋಡಿದರು. ಅವಳು ಮುಷ್ಟಿ ಕಟ್ಟಲಿಲ್ಲ.

ಹಚ್ಚೆಯಜ್ಜಿ ಚಾಪೆಯ ಮೇಲೆ ಕೂತಿದ್ದಳು. ಯಜಮಾನ ತಲೆಬಾಗಿ, "ಇವಳು ನನಗೆ ಬೇಕು," ಎಂದ. ಅಜ್ಜಿ ಕೈ ಮುಂದೆ ಮಾಡಿ ಗಾಳಿಯಲ್ಲಿ ತಡಕಾಡಿದಳು. ಅವಳಿಗೆ ಕಣ್ಣಿರಲಿಲ್ಲ. ಬಣ್ಣ ಬಣ್ಣ ಎಂದು ಊರೆಲ್ಲ ಹೆದರುತ್ತಿದ್ದ ಆ ಅಜ್ಜಿ ಬಣ್ಣವನ್ನೇ ನೋಡಿದವಳಲ್ಲ. ಹೊರಗೆ ಹಾಕಿಸಿಕೊಂಡವರು ಆ ಸಂಗತಿ ಹೇಳಲು ಊರಲ್ಲಿ ಉಳಿದಿರಲಿಲ್ಲ. ಕಾಯುತ್ತಿದ್ದವರು ಹೆದರಿ ಹೇಳಿರಲಿಲ್ಲ. ಹಚ್ಚೆಯಾದವರು ಊರಿನವರಂತೆಯೇ ಹೇಳುತ್ತಿರಲಿಲ್ಲ.

ಅಜ್ಜಿ ಅಂಗೈಯನ್ನು ಮೂಗಿಗೆ ಹಿಡಿದಳು. ಬೆರಳುಗಳ ಸಂದಿಯನ್ನು ಮೂಸಿದಳು.

"ಲವಂಗ. ಅಂಟುವಾಳ. ಎಷ್ಟು ಜನ ಹಿಡಿದಿದ್ದಾರೆ ಈ ಕೈಯನ್ನ. ಇದರಲ್ಲಿ ನಿಂದು ಎಷ್ಟು?"

ಎರಕದವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಿಂದೆ ಗಂಡನ ಉಸಿರು ನಿಂತದ್ದು ಕೇಳಿಸಿತು. ಅವನ ಹೆಸರು ಹೇಳಿದರೆ ಅವನನ್ನು ಆ ಕ್ಷಣವೇ ಹೊರಗೆ ಕಳಿಸುತ್ತಾರೆ. ಯಜಮಾನನನ್ನು ದೂರಿದರೆ ತನ್ನ ಪರವಾಗಿ ನಿಲ್ಲುವವರಿಲ್ಲ.

"ಕೈ ನಂದೇ," ಎಂದಳು. "ಹಚ್ಚಿದ್ದು, ತೊಳೆದದ್ದು ಎಲ್ಲ ನನ್ನ ಕೈಗೇ. ಬೇರೆಯವರನ್ನ ಯಾಕೆ ಕೇಳ್ತೀರಿ?"

"ಬರುವಾಗಲೇ ಉಳಿಯೋ ಮನಸ್ಸಿತ್ತಾ?"

"ಬರುವಾಗ ಇರಲಿಲ್ಲ. ಆಮೇಲೆ ಬಂತು."

"ಯಾವಾಗ ಬಂತು?"

"ಗೊತ್ತಿಲ್ಲ ಅಜ್ಜಿ. ಒಂದು ದಿನ ನೋಡಿದಾಗ ಬಂದಿತ್ತು."

"ಎಲ್ಲರೂ ಇಂಥ ದಿನ ಅಂತ ಎಣಿಸಿ ಹೇಳ್ತಾರೆ. ಸರಿಯಾದ ದಿನವನ್ನೇ ಹೇಳ್ತಾರೆ. ಗೊತ್ತಿಲ್ಲ ಅಂದವಳು ನೀನು." ಅಜ್ಜಿ ಕೈ ಬಿಟ್ಟಳು. "ಕಾಯಿ. ಕರೀತೀನಿ. ಜೊತೆಗೆ ಬಂದವನೂ ಕಾಯಲಿ. ಬಾಗಿಲು ದಾಟಬೇಡಿ."

ಅದೇ ಸಂಜೆ ಅವಳು ಎರಕ ಹೊಯ್ದಳು. ಗಂಟೆ ಎಲ್ಲೂ ಬಿರುಕಿಲ್ಲದೆ ಬಂತು.

ಕೆಲವು ವಾರ ಕಳೆದವು. ಉಪ್ಪು ಮಾರುವವನು ಮತ್ತೆ ಬಂದ. ಈ ಸಲ ಬೀದಿಯಲ್ಲಿ ಕೂಗದೆ ನೇರ ಅವಳ ಮನೆಯ ಜಗಲಿಗೆ ಬಂದು ಕೂತ.

"ನಿನ್ನ ತಂಗಿಗೆ ಕಾಲು ಊದಿದೆ. ಮಗು ಅಡ್ಡ ಕೂತಿದೆ ಅಂತ ಸೂಲಗಿತ್ತಿ ಕೈಬಿಟ್ಟಳಂತೆ. ಗಂಡ ಸುಗ್ಗಿ ಕೆಲಸಕ್ಕೆ ಅಂತ ದೂರ ಹೋದವನು ಬಂದಿಲ್ಲ. ಅಕ್ಕ ಯಾವಾಗ ಬರ್ತಾಳೆ ಅಂತ ದಾರಿಯಲ್ಲಿ ಹೋಗೋರನ್ನೆಲ್ಲ ಕೇಳ್ತಿದ್ದಾಳೆ."

ಎರಕದವಳು ಒಳಗೆ ಹೋಗಿ ಒಂದು ಸೀರೆ ಮಡಚಿ ಗಂಟು ಕಟ್ಟತೊಡಗಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿದ.

"ಗಂಟು ಬಿಚ್ಚು," ಎಂದ. "ನಾನು ಹೋಗ್ತೀನಿ."

"ಬಾಗಿಲು ದಾಟಿದರೆ ನಿನ್ನ ಪಾಲು ಬಿದ್ದುಹೋಗುತ್ತೆ."

"ನಂದು ಬೀಳುತ್ತೆ. ನಿಂದು ನಿಲ್ಲುತ್ತೆ."

ಅವಳು ಅವನ ಮುಖ ನೋಡಿದಳು. ಎರಡು ವರ್ಷ ಕಿಟಕಿಯಲ್ಲಿ ಕೂತವನು. ಬಣ್ಣ ಪೂರ್ತಿ ಹೋಗಲಿ ಎಂದೂ ಅಂದುಕೊಂಡವನು. ಹೋಗಲು ಒಂದು ನೆವ ಸಿಕ್ಕಿತು ಇವನಿಗೆ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆದರೆ ಅನಿಸಿಕೆ ಹೋಗಲಿಲ್ಲ.

"ಹೆರಿಗೆಮನೆಯಲ್ಲಿ ಗಂಡಸು ಏನು ಮಾಡ್ತೀಯ?"

"ನೀರು ಹೊರ್ತೀನಿ. ಅವಳನ್ನೂ ಹೊರಬೇಕಾದ್ರೆ ಹೊರ್ತೀನಿ." ಅವನು ಚಪ್ಪಲಿ ಮೆಟ್ಟಿದ. "ನಾನು ಹೋದ್ರೆ ನಿನಗೂ ಒಂದು ಭಾರ ಕಮ್ಮಿ."

"ಹಾಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ," ಎಂದ ಅವನು.

ಮೂಡಣ ಬಾಗಿಲಲ್ಲಿ ಆ ಹೆಂಗಸು ಒದ್ದೆ ಬಟ್ಟೆಯಿಂದ ಅವನ ಕಿರುಬೆರಳು ಒರೆಸಿದಳು. ಉಜ್ಜಬೇಕಾಗಲಿಲ್ಲ, ಒಂದೇ ಸಲಕ್ಕೆ ಹೋಯಿತು. ಅವನು ತಿರುಗಿ ನೋಡಲಿಲ್ಲ. ದೂರದಲ್ಲಿ ನಿಂತಿದ್ದ ಎರಕದವಳು, ತಿರುಗಿ ನೋಡಲಿಲ್ಲವಲ್ಲ ಎಂಬುದನ್ನೇ ಮನೆಯವರೆಗೂ ಹೊತ್ತು ತಂದಳು.

ಆಮೇಲೆ ಸುದ್ದಿಯೇ ಬರಲಿಲ್ಲ. ತಂಗಿ ಉಳಿದಳೋ ಇಲ್ಲವೋ, ಅವನು ಅಲ್ಲಿಗೆ ಹೋದನೋ ಬೇರೆ ದಾರಿ ಹಿಡಿದನೋ, ಒಂದೂ ತಿಳಿಯಲಿಲ್ಲ. ಉಪ್ಪು ಮಾರುವವನು ಬಂದರೂ, "ಆ ಕಡೆ ಹೋಗಲಿಲ್ಲ," ಎನ್ನುತ್ತಿದ್ದ. ಹಾಗೆನ್ನುವಾಗ ಕಣ್ಣು ತಪ್ಪಿಸುತ್ತಿದ್ದ ಎಂದು ಅವಳಿಗೆ ತೋರುತ್ತಿತ್ತು. ಎದುರುಮನೆಯ ಹೆಂಗಸು ಈಗ ಖಾಲಿ ಕಿಟಕಿ ನೋಡುತ್ತಿದ್ದಳು. "ಜೊತೆಗೆ ಬಂದವರು ಒಬ್ಬರೇ ಹೋದರೆ, ಹೋದ ಹಾಗೇ," ಎಂದು ಒಂದು ದಿನ ತಾನಾಗಿ ಹೇಳಿದಳು. ಎರಕದವಳು ಹಗಲು ಗಂಟೆಗಳ ಅಚ್ಚು ತೀಡಿದಳು. ಅಂಗೈಯಲ್ಲಿ ಉಳಿದಿದ್ದ ಕೆಂಪು ಕಲೆಗಳೂ ಒಂದೊಂದಾಗಿ ಹೋದವು. ಬಾಗಿಲು ಅಲ್ಲೇ ಇತ್ತು. ದಾಟಿದರೆ ತಿಳಿಯುತ್ತಿತ್ತು. ದಾಟಿದರೆ ಇಷ್ಟು ಕಾಲ ಕಾದದ್ದೆಲ್ಲ ನೆಲಕ್ಕೆ ಚೆಲ್ಲುತ್ತಿತ್ತು. ಎಷ್ಟೋ ಮಧ್ಯಾಹ್ನ ಬಾಗಿಲ ತನಕ ಹೋಗಿ ಹಿಂದಕ್ಕೆ ಬಂದಳು.

ಒಂದು ಬೆಳಿಗ್ಗೆ ಮಂಟಪದ ಆಳು ಸಾಲೆಗೆ ಬಂದು ಅವಳನ್ನು ಕರೆದ.

ಮೆರುಗಿನವಳು ಗಂಟೆ ತಿಕ್ಕುತ್ತಿದ್ದಳು. ಕರೆ ಕೇಳಿ ಅವಳ ಕೈ ಒಮ್ಮೆ ನಿಂತಿತು, ಮತ್ತೆ ತಿಕ್ಕತೊಡಗಿತು.

"ನೀವು ನನಗಿಂತ ಎಷ್ಟೋ ಮೊದಲು ಕೇಳಿದವರು," ಎಂದಳು ಎರಕದವಳು.

"ನೀನು ಮೂಡಣ. ನಾನು ತೆಂಕಣ. ಅಷ್ಟೇ." ಅವಳು ತಲೆಯೆತ್ತಲಿಲ್ಲ. "ನಾನು ಬೇಗ ಕೇಳು, ಬೇಗ ಕೇಳು ಅಂದಾಗ ನಿನಗೆ ಅನುಮಾನ ಬಂತಲ್ವಾ?"

"ಬಂತು."

"ಬರಬೇಕಾದ್ದೇ. ನನಗೂ ಹಾಗೇ ಒಬ್ಬಳು ಹೇಳಿದ್ದಳು. ಅವಳ ಮಾತು ನಂಬದೆ ನಾನು ಕಾದೆ. ನಾನು ಕಾಯೋ ಅಷ್ಟರಲ್ಲಿ ನನ್ನ ಮುಂದೆ ಅಷ್ಟು ಜನ ಸೇರಿಕೊಂಡರು. ಹೋಗು, ಅಜ್ಜಿಯನ್ನ ಕಾಯಿಸಬೇಡ."

ಎರಕದವಳು ಬಗ್ಗಿ ಅವಳ ಭುಜ ಮುಟ್ಟಿದಳು.

ಮಂಟಪದಲ್ಲಿ ಅಜ್ಜಿ ಸೂಜಿಗಳನ್ನು ಹರವಿಕೊಂಡು, ಸೊಪ್ಪಿನ ರಸ ಅರೆದಿಟ್ಟಿದ್ದಳು.

"ಜೊತೆಗೆ ಬಂದವನು?"

"ಬಾಗಿಲು ದಾಟಿದ."

"ಹಾಗಾದರೆ ಒಬ್ಬಳಿಗೇ ಚುಚ್ಚಲೇ? ಬೇಡ ಅಂದ್ರೂ ಸರಿ. ಎದ್ದು ಹೋಗಬಹುದು."

ಎದ್ದು ಹೋಗುವುದು ಪ್ರೀತಿ ಎನ್ನಿಸಿಕೊಳ್ಳುತ್ತದೆ, ಕೂರುವುದು ಆಸೆ ಎನ್ನಿಸಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಹಚ್ಚೆಯಿಲ್ಲದೆ ಹೋದರೆ ಮತ್ತೆ ಬರಿಗೈಯಲ್ಲಿ ಬಾಗಿಲಿಗೆ ಬರಬೇಕು. ಹಚ್ಚೆಯೊಂದಿಗೆ ಹೋದರೆ, ಅವನು ಬದುಕಿದ್ದು ಬರುತ್ತೇನೆಂದರೆ, ಕರೆತರುವ ಹಕ್ಕು ಕೈಯಲ್ಲಿರುತ್ತದೆ. ಅವಳು ಮುಂಗೈ ಮುಂದೆ ಇಟ್ಟಳು.

"ಚುಚ್ಚಿ," ಎಂದಳು.

ಸೂಜಿ ಇಳಿದಾಗ ನೋವಾಯಿತು. ಎಷ್ಟೋ ತಿಂಗಳಿಂದ ಅಳದಿದ್ದವಳು ಆ ನೆವದಲ್ಲಿ ಅತ್ತಳು.

ಚುಚ್ಚಿದ ಜಾಗದ ಊತ ಇಳಿಯುವ ಮೊದಲೇ ಅವಳು ಮೂಡಣ ಬಾಗಿಲು ದಾಟಿದಳು.

ತಂಗಿಯ ಊರು ತಲುಪಿದಾಗ ಮಧ್ಯಾಹ್ನದ ಬಿಸಿಲು. ಅಂಗಳದಲ್ಲಿ ಒಂದು ಮಗು ಕೂತಿತ್ತು, ಆಸರೆಯಿಲ್ಲದೆ ತಾನಾಗಿ ಕೂರುವಷ್ಟು ದೊಡ್ಡದಾಗಿತ್ತು. ಒಳಗಿನಿಂದ ತಂಗಿ ಬಂದಳು. ಅಕ್ಕನನ್ನು ನೋಡಿ ಅಲ್ಲೇ ನಿಂತಳು, ಆಮೇಲೆ ಓಡಿಬಂದು ತಬ್ಬಿಕೊಂಡಳು. ಇಬ್ಬರೂ ಅತ್ತು ಮುಗಿಸಿದ ಮೇಲೆ ತಂಗಿ ಹೇಳಿದಳು.

"ಭಾವ ಬಂದ ದಿನ ನನಗೆ ಎಚ್ಚರ ಅರ್ಧ ಇತ್ತು, ಅರ್ಧ ಇರಲಿಲ್ಲ. ಹೊಳೆಯಾಚೆ ಊರಲ್ಲಿ ಒಬ್ಬಳು ಸೂಲಗಿತ್ತಿ ಇದ್ದಾಳೆ, ಅಡ್ಡ ಕೂತ ಮಗೂನ ತಿರುಗಿಸ್ತಾಳೆ ಅಂದರು. ಆ ದಾರೀಲಿ ಗಾಡಿ ಹೋಗಲ್ಲ. ಭಾವ ಆ ಮರದ ಕೆಳಗೆ ಕೂತು ಬಿದಿರು ಸೀಳಿ ಒಂದು ಬುಟ್ಟಿ ಹೆಣೆದರು, ಬೆನ್ನಿಗೆ ಕಟ್ಟಿಕೊಳ್ಳೋ ಅಂಥದ್ದು. ಮೊದಲು ಎರಡು ಸಲ ಬಿಚ್ಚಿಬಿಟ್ಟರು. ಬೆರಳೆಲ್ಲ ರಕ್ತ. ಸಂಜೆಯೊಳಗೆ ಮುಗಿಸಿ, ನನ್ನನ್ನ ಅದರಲ್ಲಿ ಕೂರಿಸಿ ಹೊತ್ತುಕೊಂಡು ಹೊಳೆ ದಾಟಿಸಿದರು."

"ನನಗೆ ಒಂದು ಸುದ್ದಿ ಕಳಿಸಬಹುದಿತ್ತಲ್ಲ."

"ನಾನೂ ಹಾಗೇ ಅಂದೆ. ಬೇಡ ಅಂದರು. ಸುದ್ದಿ ಕೇಳಿದರೆ ಮಗು ನೋಡೋಕೆ ಬಾಗಿಲು ದಾಟಿ ಬಂದುಬಿಡ್ತಾಳೆ ಅಂದರು. ಉಪ್ಪಿನವನಿಗೂ ಬಾಯಿ ಬಿಡಬೇಡ ಅಂತ ಹೇಳಿಟ್ಟಿದ್ದರು."

ಎರಕದವಳು ಊರಾಚೆಯ ಬಿದಿರು ಮೆಳೆಯ ಬಳಿಗೆ ಹೋದಳು. ಅವನು ನೆರಳಲ್ಲಿ ಕೂತು ಬಿದಿರು ಸೀಳುತ್ತಿದ್ದ. ಸುತ್ತ ಮೊರ, ಕುಕ್ಕೆ, ಅರ್ಧ ಹೆಣೆದ ಬುಟ್ಟಿ. ಅವಳ ಕಾಲು ನೋಡಿ ತಲೆಯೆತ್ತಿದ. ಅವನ ಕಣ್ಣು ಅವಳ ಕೈಗೆ ಹೋಗಲಿಲ್ಲ, ಮುಖದಲ್ಲೇ ನಿಂತಿತು.

"ಆಯ್ತಾ?" ಎಂದ.

"ಆಯ್ತು." ಅವಳು ಅವನ ಎದುರು ಕೂತಳು. "ನೀನು ಹೋದವನು ಹೋದ ಹಾಗೇ ಅಂದ್ಕೊಂಡಿದ್ದೆ."

"ಹಚ್ಚೆಯಾದ ಮೇಲೆ ನೀನು ಈ ಕಡೆ ತಲೆ ಹಾಕಲ್ಲ ಅಂದ್ಕೊಂಡಿದ್ದೆ ನಾನು."

ಇಬ್ಬರೂ ನಗಲಿಲ್ಲ. ಮೆಳೆಯಲ್ಲಿ ಗಾಳಿ ಕಿರುಗುಟ್ಟಿತು.

"ನಿನ್ನ ಪಾಲಿನದನ್ನ ಈಗ ನಾನೇ ಕೇಳಬಹುದಂತೆ. ಮತ್ತೆ ಕಾಯಬೇಕಾಗುತ್ತೆ. ಎಷ್ಟು ಕಾಲ ಅಂತ ಹೇಳೋಕಾಗಲ್ಲ. ಕೇಳಲಾ?"

ಅವನು ಕತ್ತಿಯ ಬಾಯಿಯನ್ನು ಹೆಬ್ಬೆರಳಿನಿಂದ ಸವರಿದ. "ಈಗಲೇ ಹೇಳಬೇಕಾ?"

"ಬೇಡ."

"ನನಗೆ ಆ ಕಿಟಕಿ ನೆನಪಾದ್ರೆ ಇನ್ನೂ ಉಸಿರು ಕಟ್ಟುತ್ತೆ."

"ಗೊತ್ತು. ಯಾವಾಗ ಅನ್ನಿಸುತ್ತೋ ಆವಾಗ ಹೇಳು. ಅನ್ನಿಸದಿದ್ದರೆ ಅದನ್ನೂ ಹೇಳು. ನಾನು ಹೋಗಿ ಬಂದು ಮಾಡ್ತೀನಿ."

ಅವನು ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ತಿಳಿಯಲೇಬೇಕು ಎಂದು ಅವಳು ಅವನ ಮುಖವನ್ನು ಮತ್ತೆ ನೋಡಲಿಲ್ಲ. ಅವನ ಪಕ್ಕದಲ್ಲಿದ್ದ ಇನ್ನೊಂದು ಕತ್ತಿ ತೆಗೆದುಕೊಂಡು, ಒಂದು ಬಿದಿರ ತುಂಡನ್ನು ನೆಲಕ್ಕೆ ಊರಿ ಸೀಳಲು ಹೊರಟಳು. ಕತ್ತಿ ಓರೆಯಾಗಿ ಜಾರಿ ಸೀಳು ಒಂದು ಕಡೆಗೆ ಹರಿಯಿತು. ಇನ್ನೊಂದು ತುಂಡು ತೆಗೆದಳು. ಅದೂ ಹಾಗೇ ಆಯಿತು.

ಅವನು ನೋಡುತ್ತಿದ್ದ. ಸರಿಮಾಡಲು ಅವನ ಕೈ ತಾನಾಗಿ ಅವಳ ಕೈಯ ಹತ್ತಿರ ಬಂತು. ಬಂದು, ನಡುವೆ ನಿಂತಿತು.

"ಹಿಡೀಲಾ?" ಎಂದು ಕೇಳಿದ.

ಅವಳು ಸ್ವಲ್ಪ ಹೊತ್ತು ತಡೆದಳು.

"ಹೂಂ," ಎಂದಳು.

ಅವನು ಹಿಡಿದ. ಬಿದಿರು ತುದಿಯಿಂದ ಬುಡದ ತನಕ ನೇರವಾಗಿ ಸೀಳಿತು.